ಉಬುಂಟು, ಫೈರ್‌ಫಾಕ್ಸ್, ವಿಎಸ್ ಕೋಡ್: ಏನು ಹೊರಗೆ ಹೋಗುತ್ತಿದೆ ನೋಡಿ, ಆಮೇಲೆ ನಿಲ್ಲಿಸಿ

ಉದ್ಯಮಬಾಗದಲ್ಲಿ ಫೌಂಡ್ರಿ ಆಫೀಸು ನಡೆಸುವವರಿರಲಿ, ಬೆಳಗಾವಿಯಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ವಿಟಿಯು ಹುಡುಗರಿರಲಿ, ವಿಂಡೋಸ್ ಬದಲು ಉಬುಂಟು ಹಾಕಿಕೊಂಡ ಮೇಲೆ ಎಲ್ಲರೂ ಹೇಳೋದು ಒಂದೇ ಮಾತು: "ಇದು ಓಪನ್ ಸೋರ್ಸ್, ಮೂಲ ಕೋಡ್ ಎಲ್ಲರಿಗೂ ತೆರೆದಿದೆ, ಇದರಲ್ಲಿ ನಮ್ಮ ಮಾಹಿತಿ ಎಲ್ಲಿಗೂ ಹೋಗಲ್ಲ." ಹೋಗುತ್ತದೆ. ಎಷ್ಟು ಹೋಗುತ್ತದೆ ಎಂದು ನೀವೇ ತೆರೆದು ನೋಡಬಹುದು, ಅದೇ ಇದರ ಲಾಭ. ಆದರೆ ನೋಡುವವರು ಕಡಿಮೆ.

ಮೊದಲು ಉಬುಂಟು. 2018ರಲ್ಲಿ ಬಂದ 18.04 ಆವೃತ್ತಿಯಿಂದ, ಹೊಸದಾಗಿ ಹಾಕಿದಾಗ ಕಂಪ್ಯೂಟರಿನ ವಿವರ ಕಳಿಸಲೇ ಎಂದು ಕೇಳುವ ಪುಟ ಶುರುವಾಯಿತು. "ಹೌದು" ಎನ್ನುವುದಕ್ಕೆ ಮೊದಲೇ ಗುರುತು ಹಾಕಿತ್ತು. ಎಲ್ಲರೂ ಸುಮ್ನೆ ನೆಕ್ಸ್ಟ್ ಒತ್ತಿರುತ್ತೇವೆ. 24.04ರಲ್ಲೋ ಅದಕ್ಕಿಂತ ಹಳೆಯದರಲ್ಲೋ ಇದ್ದರೆ ಟರ್ಮಿನಲ್‌ನಲ್ಲಿ ಉಬುಂಟು-ರಿಪೋರ್ಟ್ ಶೋ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಗಾತ್ರ, ಸ್ಕ್ರೀನ್, ಭಾಷೆ, ಟೈಮ್ ಝೋನ್, ಇಂಥವು ಕಾಣುತ್ತವೆ. ನಿಮ್ಮ ಫೈಲುಗಳು ಇದರಲ್ಲಿ ಇಲ್ಲ. ನನಗೆ ಇದರ ಬಗ್ಗೆ ಜಾಸ್ತಿ ಚಿಂತೆ ಇಲ್ಲ.

ಚಿಂತೆ ಇರುವುದು ಕ್ರ್ಯಾಶ್ ರಿಪೋರ್ಟ್ ಬಗ್ಗೆ. ಪ್ರೋಗ್ರಾಂ ಅರ್ಧಕ್ಕೆ ನಿಂತುಹೋದಾಗ ಆ ಹೊತ್ತಿಗೆ ಅದರ ಮೆಮೊರಿಯಲ್ಲಿ ಏನಿತ್ತೋ ಅದರ ತುಣುಕುಗಳು ರಿಪೋರ್ಟಿನೊಳಗೆ ಸೇರಬಹುದು. ನೀವು ಆಗ ಗಿರಾಕಿಗೆ ಕೊಟೇಷನ್ ಬರೆಯುತ್ತಿದ್ದರೆ? ಸಂಬಳದ ಪಟ್ಟಿ ತೆರೆದಿದ್ದರೆ? ಅದಕ್ಕೇ ಆಫೀಸಿನ ಕಂಪ್ಯೂಟರಿನಲ್ಲಿ ಬೇರೇನನ್ನು ಬಿಟ್ಟರೂ ಇದನ್ನು ಬಿಡಬೇಡಿ. ಉಬುಂಟು ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಡಯಾಗ್ನಾಸ್ಟಿಕ್ಸ್‌ಗೆ ಹೋಗಿ. ಎರರ್ ರಿಪೋರ್ಟ್ ಕಳಿಸುವ ಕಡೆ "ನೆವರ್" ಮಾಡಿ. ತೊಂದರೆ ಸರಿಹೋಗಲಿ ಎಂದು ಕಳಿಸುವ ಮನಸ್ಸಿದ್ದರೆ "ಮ್ಯಾನುವಲ್" ಇಡಿ, ಪ್ರತಿ ಸಲ ನಿಮ್ಮನ್ನು ಕೇಳಿಯೇ ಕಳಿಸುತ್ತದೆ. ಲಿಬ್ರೆ ಆಫೀಸನ್ನು ಅದರ ಸ್ವಂತ ತಾಣದಿಂದ ಇಳಿಸಿಕೊಂಡಿದ್ದರೆ ಟೂಲ್ಸ್, ಆಪ್ಷನ್ಸ್, ಜನರಲ್ ನೋಡಿ. ಕ್ರ್ಯಾಶ್ ರಿಪೋರ್ಟಿನ ಟಿಕ್ ಇದ್ದರೆ ತೆಗೆಯಿರಿ.

ಫೈರ್‌ಫಾಕ್ಸ್‌ನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ಅಬೌಟ್, ಕೋಲನ್, ಟೆಲಿಮೆಟ್ರಿ ಎಂದು ಒಟ್ಟಿಗೆ ಟೈಪ್ ಮಾಡಿ. ಪ್ರೋಗ್ರಾಂ ತನ್ನ ಬಳಕೆಯ ವಿವರವನ್ನು ತಯಾರಿಸಿದವರಿಗೆ ಕಳಿಸುವುದಕ್ಕೇ ಟೆಲಿಮೆಟ್ರಿ ಎನ್ನುವುದು. ಬ್ರೌಸರ್ ಹಾಗೆ ಕೂಡಿಟ್ಟುಕೊಂಡಿರುವುದೆಲ್ಲ ಪಟ್ಟಿಯಾಗಿ ಕಾಣುತ್ತದೆ. ಬೇಡ ಅನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ವಿಭಾಗದ ಕೆಳಗಡೆ ಡೇಟಾ ಕಲೆಕ್ಷನ್ ಇದೆ, ಟಿಕ್ ತೆಗೆಯಿರಿ. ಹಳೆಯದನ್ನು 30 ದಿನದೊಳಗೆ ಅಳಿಸುತ್ತೇವೆ ಎಂದು ಮೊಝಿಲ್ಲಾ ಅಲ್ಲೇ ಹೇಳುತ್ತದೆ.

ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್ ಕಥೆ ಬೇರೆ, ಇಂಜಿನಿಯರಿಂಗ್ ಹುಡುಗರು ಇದನ್ನು ಗಮನಿಸಿ ಓದಿ. ಅದರ ಮೂಲ ಕೋಡ್ ಎಂಐಟಿ ಎಂಬ ಓಪನ್ ಸೋರ್ಸ್ ಲೈಸೆನ್ಸಿನಲ್ಲಿದೆ, ಆದರೆ ನೀವು ಇಳಿಸಿಕೊಳ್ಳುವುದು ಮೈಕ್ರೋಸಾಫ್ಟ್ ತನ್ನದೇ ಲೈಸೆನ್ಸ್ ಹಾಕಿ, ಟೆಲಿಮೆಟ್ರಿ ಸೇರಿಸಿ ಕೊಡುವ ಆವೃತ್ತಿ. ಸೆಟ್ಟಿಂಗ್ಸ್‌ನಲ್ಲಿ ಟೆಲಿಮೆಟ್ರಿ ಲೆವೆಲ್ ಹುಡುಕಿ "ಆಫ್" ಮಾಡಿ. ಇಷ್ಟಕ್ಕೇ ಮುಗಿಯಲಿಲ್ಲ. ನೀವು ಹಾಕಿಕೊಂಡ ಎಕ್ಸ್‌ಟೆನ್ಷನ್‌ಗಳು ಈ ಸೆಟ್ಟಿಂಗ್‌ಗೆ ಬಗ್ಗಲೇಬೇಕು ಅಂತಿಲ್ಲ, ಒಂದೊಂದರ ಸೆಟ್ಟಿಂಗನ್ನೂ ಬೇರೆಯಾಗಿ ನೋಡಬೇಕು. ಬೇಸರದ ಕೆಲಸ, ಆದರೂ ಮಾಡಿ. ಇಲ್ಲವೇ ವಿಎಸ್‌ಕೋಡಿಯಂ ಹಾಕಿ. ಅದೇ ಮೂಲ ಕೋಡಿನಿಂದ, ಟೆಲಿಮೆಟ್ರಿ ಬಂದ್ ಮಾಡಿ ಕಟ್ಟಿದ್ದು. ಪೈಲ್ಯಾನ್ಸ್‌ನಂಥ ಮೈಕ್ರೋಸಾಫ್ಟ್‌ನ ಕೆಲವು ಎಕ್ಸ್‌ಟೆನ್ಷನ್‌ಗಳು ಅದರಲ್ಲಿ ನಡೆಯುವುದಿಲ್ಲ, ಅದನ್ನು ತಿಳಿದೇ ಬದಲಾಯಿಸಿ.

ಟೆಲಿಮೆಟ್ರಿ ಇಟ್ಟವರೆಲ್ಲ ಕೆಟ್ಟವರೇನಲ್ಲ. ಯಾವುದು ಕೆಡುತ್ತಿದೆ ಎಂದು ತಿಳಿಯದೆ ಸರಿಮಾಡುವುದು ಕಷ್ಟ. ಅವರನ್ನು ನಾನು ಕೇಳುವುದು ಇಷ್ಟೇ: ಮೊದಲು ಕೇಳಿ, ಆಮೇಲೆ ತೆಗೆದುಕೊಳ್ಳಿ. ಬಳಸುವವರು ಗಟ್ಟಿಯಾಗಿ ಹೇಳಿದರೆ ಕೇಳುತ್ತಾರೆ ಕೂಡ. 2021ರಲ್ಲಿ ಧ್ವನಿ ಎಡಿಟ್ ಮಾಡುವ ಆಡಾಸಿಟಿಯವರು ಗೂಗಲ್ ಮತ್ತು ಯಾಂಡೆಕ್ಸ್ ಮೂಲಕ ಟೆಲಿಮೆಟ್ರಿ ತರಲು ಹೊರಟು, ವಿರೋಧ ಬಂದ ಮೇಲೆ ಕೈಬಿಟ್ಟರು. 2023ರಲ್ಲಿ ಗೋ ಎಂಬ ಪ್ರೋಗ್ರಾಮಿಂಗ್ ಭಾಷೆಯವರು ತಾನಾಗಿಯೇ ಕಳಿಸುವ ಯೋಜನೆ ಮುಂದಿಟ್ಟು, ಕೊನೆಗೆ ಒಪ್ಪಿದವರಿಂದ ಮಾತ್ರ ಎಂದು ಬದಲಾಯಿಸಿದರು.

ಕಾಲೇಜು ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಮಾತು. ಈ ಸೆಟ್ಟಿಂಗ್‌ಗಳಲ್ಲಿ ಹೆಚ್ಚಿನವು ಪ್ರತಿ ಲಾಗಿನ್‌ಗೂ ಬೇರೆ ಬೇರೆ. ಒಬ್ಬೊಬ್ಬರ ಹತ್ತಿರ ಮಾಡಿಸಲು ಆಗುವುದಿಲ್ಲ. ಫೈರ್‌ಫಾಕ್ಸ್‌ಗಾದರೆ ಇಟಿಸಿ ಫೋಲ್ಡರಿನ ಫೈರ್‌ಫಾಕ್ಸ್‌ನಲ್ಲಿ ಪಾಲಿಸೀಸ್ ಎಂಬ ಫೋಲ್ಡರ್ ಮಾಡಿ, ಅದರೊಳಗೆ ಪಾಲಿಸೀಸ್ ಡಾಟ್ ಜೇಸನ್ ಫೈಲ್ ಇಟ್ಟು, ಡಿಸೇಬಲ್ ಟೆಲಿಮೆಟ್ರಿ ಎಂಬುದಕ್ಕೆ "ಟ್ರೂ" ಕೊಡಿ. ಫೈರ್‌ಫಾಕ್ಸ್ ಮುಚ್ಚಿ ಮತ್ತೆ ತೆರೆದು, ಅಬೌಟ್ ಕೋಲನ್ ಪಾಲಿಸೀಸ್ ಪುಟದಲ್ಲಿ ಅದು "ಆಕ್ಟಿವ್" ಪಟ್ಟಿಯಲ್ಲಿ ಬಂದಿದೆಯೇ ನೋಡಿ.