ಬಾಳೆಬರೆ ಘಾಟಿಗೆ ತಣ್ಣನೆ ಗಾಳಿ: ನನ್ನ 407ರ ಇನ್‌ಟೇಕ್ ಕೆಲಸ

ಕುಂದಾಪುರದಲ್ಲಿ ಹೆಂಚು ತುಂಬಿಕೊಂಡು ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತುವ ಡ್ರೈವರ್‌ಗಳಿಗೆ ಈ ಪಾಡು ಗೊತ್ತೇ ಇರುತ್ತದೆ. ಏಪ್ರಿಲ್ ತಿಂಗಳ ಬಿಸಿಲು, ಎರಡನೇ ಗೇರು. ಎಷ್ಟು ಒತ್ತಿದರೂ ಗಾಡಿ ಎಳೆಯುವುದಿಲ್ಲ. ಕನ್ನಡಿಯಲ್ಲಿ ನೋಡಿದರೆ ಬರೀ ಕಪ್ಪು ಹೊಗೆ. ನನ್ನದು ಸೆಕೆಂಡ್ ಹ್ಯಾಂಡ್ ಟಾಟಾ 407. ನಾಲ್ಕು ಸಿಲಿಂಡರಿನ 497 ಎಂಜಿನ್. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದೆ, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಲ್ಲ. ಡೀಸೆಲ್ ಪಂಪು, ನಾಜಲ್ ಎರಡನ್ನೂ ಚೆಕ್ ಮಾಡಿಸಿದೆ. ಎರಡೂ ಸರಿ ಇದ್ದವು. ಅಂದರೆ ಕೊರತೆ ಇದ್ದದ್ದು ಗಾಳಿಗೆ.

ಕಪ್ಪು ಹೊಗೆ ಅಂದರೆ ಗಾಳಿ ಸಾಲದೆ ಅರ್ಧಂಬರ್ಧ ಸುಟ್ಟ ಡೀಸೆಲ್ ತಾನೇ? ಬಾನೆಟ್ ತೆಗೆದು ನೋಡಿದಾಗ ಕಾರಣ ಎದುರಿಗೇ ಇತ್ತು. ಹಿಂದಿನ ಮಾಲೀಕರು ಏರ್ ಕ್ಲೀನರ್‌ಗೆ (ಗಾಳಿ ಸೋಸುವ ಫಿಲ್ಟರ್ ಇರುವ ಡಬ್ಬಿಗೆ) ಹೊರಗಿನ ಗಾಳಿ ತರುವ ಪೈಪನ್ನೇ ಬಿಚ್ಚಿಸಿಬಿಟ್ಟಿದ್ದರು. ಕ್ಲೀನರಿನ ಬಾಯಿ ಎಂಜಿನ್ ಪಕ್ಕದಲ್ಲೇ ತೆರೆದುಕೊಂಡು, ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿಯನ್ನೇ ಎಳೆಯುತ್ತಿತ್ತು.

ಆದರೂ ಅಳೆಯದೆ ಕೈ ಹಾಕುವುದು ಬೇಡ ಅನ್ನಿಸಿತು. ಉದ್ದ ವೈರಿನ ಡಿಜಿಟಲ್ ಥರ್ಮಾಮೀಟರ್ ತಂದು, ಅದರ ತುದಿಯನ್ನು ಕ್ಲೀನರ್ ಬಾಯಿಯ ಒಳಗೆ ಕಟ್ಟಿ, ಡಿಸ್ಪ್ಲೇಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಲೋಡು ಹಾಕಿಕೊಂಡು ಘಾಟಿ ಹತ್ತುವಾಗ ಹೊರಗೆ 33 ಡಿಗ್ರಿ ಇದ್ದರೆ ಅಲ್ಲಿ 58 ತೋರಿಸುತ್ತಿತ್ತು. ಇದು ಟರ್ಬೊ ಒಳಗೆ ಹೋಗುವ ಮುಂಚಿನ ಲೆಕ್ಕ. ಟರ್ಬೊ ಅದನ್ನು ಒತ್ತಿದ ಮೇಲೆ 100 ಡಿಗ್ರಿ ಸುಲಭವಾಗಿ ದಾಟುತ್ತದೆ. ಇಂಟರ್‌ಕೂಲರ್ ಇಲ್ಲದ ಗಾಡಿಯಲ್ಲಿ ಆ ಬಿಸಿ ಹಾಗೇ ಸಿಲಿಂಡರಿಗೆ ಹೋಗುತ್ತದೆ.

ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 58ರಿಂದ 36 ಡಿಗ್ರಿಗೆ ಇಳಿಸಿದರೆ ಅಷ್ಟೇ ಜಾಗದಲ್ಲಿ ಸುಮಾರು ಶೇಕಡ 7ರಷ್ಟು ಜಾಸ್ತಿ ಗಾಳಿ ಹಿಡಿಯುತ್ತದೆ. ಇನ್ನೊಂದು ಕಡೆ, ಸಮುದ್ರ ಮಟ್ಟದಿಂದ 600 ಮೀಟರ್ ಮೇಲಕ್ಕೆ ಬಂದರೆ ಗಾಳಿಯ ಒತ್ತಡ ಹತ್ತಿರ ಹತ್ತಿರ ಅಷ್ಟೇ ಕಡಿಮೆಯಾಗುತ್ತದೆ. ಘಾಟಿ ಕಿತ್ತುಕೊಂಡಷ್ಟನ್ನು ಒಂದು ಪೈಪು ವಾಪಸ್ ಕೊಡುವುದಾದರೆ ಯಾಕೆ ಬಿಡಬೇಕು? ನಾನು ಈ ಕೆಲಸಕ್ಕೆ ಇಳಿದದ್ದು ಇದೇ ಲೆಕ್ಕದ ಮೇಲೆ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಪೈಪು ಮಾಡಿಸಿದೆ. ಸೈಲೆನ್ಸರಿಗೆ ಬಳಸುವ ತೆಳು ಉಕ್ಕಿನ ಕೊಳವೆ ಅದು, ಕ್ಲೀನರ್ ಬಾಯಿಗಿಂತ ಒಂದು ಸೈಜು ದೊಡ್ಡದು. ಈ ಎಂಜಿನ್ 2956 ಸಿಸಿ. 2500 ಆರ್‌ಪಿಎಂನಲ್ಲಿ ಟರ್ಬೊ ಲೆಕ್ಕ ಬಿಟ್ಟರೂ ನಿಮಿಷಕ್ಕೆ ಹೆಚ್ಚುಕಮ್ಮಿ 3,700 ಲೀಟರ್ ಗಾಳಿ ಬೇಕು, ಟರ್ಬೊ ಸೇರಿದರೆ ಇನ್ನೂ ಜಾಸ್ತಿ. ಹಾಗಾಗಿ ಸಪೂರ ಪೈಪು ಬೇಡವೇ ಬೇಡ. ಒಂದು 90 ಡಿಗ್ರಿ ಮೊಣಕೈ ಹಾಕುವ ಕಡೆ ಎರಡು 45 ಡಿಗ್ರಿ ಬಾಗು ಕೊಡಿಸಿದೆ. ಪಿವಿಸಿ ಅಗ್ಗ ಅಂತ ಕೆಲವರು ಹೇಳಿದರು. ಎಂಜಿನ್ ಕಾವಿಗೆ ಅದು ಮೆತ್ತಗಾಗುತ್ತದೆ, ಒಪ್ಪಲಿಲ್ಲ.

ಪೈಪು ಕ್ಯಾಬಿನ್ ಹಿಂದೆ ಎಡಗಡೆಯಿಂದ ಮೇಲೆ ಹೋಗಿ ಮಾಡಿನ ಮಟ್ಟದಲ್ಲಿ ಬಾಯಿ ತೆರೆಯುತ್ತದೆ. ಕ್ಯಾಬಿನ್ ಅಲುಗುವುದೇ ಬೇರೆ, ಎಂಜಿನ್ ಅಲುಗುವುದೇ ಬೇರೆ. ಅದಕ್ಕೇ ನಡುವೆ ಒಂದು ಗೇಣು ಸುರುಳಿ ರಬ್ಬರ್ ಹೋಸ್ ಕೊಟ್ಟು ಎರಡೂ ತುದಿಗೆ ಸ್ಕ್ರೂ ಕ್ಲಾಂಪ್ ಬಿಗಿದೆವು. ಸುಮ್ನೆ ಗಟ್ಟಿ ಪೈಪೇ ಇಟ್ಟರೆ ವೆಲ್ಡಿಂಗ್ ಬಿಟ್ಟುಕೊಳ್ಳುತ್ತದೆ. ಸುಡು ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಕ್ಲೀನರ್ ನಡುವೆ ಕಾವು ತಡೆಯಲು ಒಂದು ಅಲ್ಯೂಮಿನಿಯಂ ಶೀಟು ನಿಲ್ಲಿಸಿದೆ. ಗಾಳಿ ಓಡಾಡಲಿ ಅಂತ ಎರಡೂ ಕಡೆ ಸಂದು ಬಿಟ್ಟಿದ್ದೇನೆ.

ಫಿಲ್ಟರ್ ದಾಟಿ ಟರ್ಬೊಗೆ ಹೋಗುವ ಹೋಸನ್ನು ಮಾತ್ರ ಮುಟ್ಟಲಿಲ್ಲ. ಯಾರೂ ಮುಟ್ಟಬೇಡಿ. ಅಲ್ಲಿ ಒಂದು ಕೂದಲೆಳೆ ಸಂದು ಇದ್ದರೂ ನಮ್ಮ ಕೆಂಪು ಧೂಳು ನೇರ ಒಳಗೆ. ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಟರ್ಬೊ ಚಕ್ರದ ಅಂಚನ್ನು ಅದು ತೇದು ಹಾಕುತ್ತದೆ. ಎಣ್ಣೆ ಹಾಕುವ ಬಟ್ಟೆ ಫಿಲ್ಟರ್ ಕೂಡ ಬೇಡ ಅಂದೆ. ಧೂಳು ತಡೆಯುವುದರಲ್ಲಿ ಪೇಪರ್ ಫಿಲ್ಟರೇ ಮೇಲು.

ಮಲೆನಾಡಲ್ಲಿ ನಿಜವಾದ ಪರೀಕ್ಷೆ ಮಳೆಗಾಲದ್ದು. ಬಾಯಿ ಮುಂದಕ್ಕೆ ನೋಡುತ್ತಿದ್ದರೆ ಗಾಳಿ ಜೊತೆ ಮಳೆಯೂ ನುಗ್ಗುತ್ತದೆ. ಪೇಪರ್ ಒದ್ದೆಯಾದರೆ ಉಸಿರು ಕಟ್ಟುತ್ತದೆ. ನೀರು ಸಿಲಿಂಡರಿಗೇ ಹೋದರೆ ಮುಗಿದೇ ಹೋಯಿತು. ನೀರನ್ನು ಒತ್ತಿ ಕುಗ್ಗಿಸಲಾಗುವುದಿಲ್ಲ, ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ಆದ್ದರಿಂದ ಬಾಯಿಯನ್ನು ಹಿಂದಕ್ಕೆ ತಿರುಗಿಸಿ ಮೇಲೆ ಟೋಪಿ ಕೂರಿಸಿದೆ. ಪೈಪಿನ ಅತಿ ತಗ್ಗಿನ ಜಾಗದಲ್ಲಿ, ಕ್ಲೀನರಿಗಿಂತ ಕೆಳಗೆ, ನೀರು ಇಳಿಯಲು ಒಂದು ಸಣ್ಣ ತೂತು ಇದೆ. ಧೂಳು, ನೀರನ್ನು ಹೊರಗೆ ಬಿಡುವ ಕ್ಲೀನರ್ ತಳದ ರಬ್ಬರ್ ವಾಲ್ವ್ ಬಿರುಕು ಬಿಟ್ಟಿತ್ತು, ಹೊಸದು ಹಾಕಿದೆ. ಬಾಯಿಗೆ ಜಾಲರಿಯನ್ನೂ ಕಟ್ಟಿದ್ದೇನೆ. ಇಲ್ಲದಿದ್ದರೆ ಗಾಡಿ ನಾಲ್ಕು ದಿನ ನಿಂತರೆ ಸಾಕು, ಕಣಜದ ಹುಳ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಆ ಜಾಲರಿಗೆ ದರಗು ಅಂಟಿರುತ್ತದೆ, ಆಗಾಗ ಕೈಯಲ್ಲಿ ಒರೆಸಬೇಕು.

ಪೈಪು ಉದ್ದವಾದರೆ ಎಂಜಿನ್ ಎಳೆಯಲು ಕಷ್ಟಪಡುತ್ತದೆಯೇ ಎಂಬ ಅನುಮಾನ ನನಗೂ ಇತ್ತು. ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ಬಣ್ಣದ ನೀರು ತುಂಬಿಸಿ, ಒಂದು ತುದಿಯನ್ನು ಫಿಲ್ಟರ್ ಹೊರಬಾಯಿಯಲ್ಲಿ, ಫಿಲ್ಟರ್ ಕಟ್ಟಿಕೊಂಡದ್ದನ್ನು ತೋರಿಸುವ ಇಂಡಿಕೇಟರಿನ ತೂತಿಗೆ ಸಿಕ್ಕಿಸಿದೆ. ನೀರಿನ ಮಟ್ಟದ ಅಂತರ ಹೆಚ್ಚಾದಷ್ಟೂ ಗಾಳಿ ಎಳೆಯುವುದು ಕಷ್ಟ ಅಂತ ಲೆಕ್ಕ. ಏರಿನಲ್ಲಿ ಪೂರ್ತಿ ಒತ್ತಿದಾಗ ಎರಡು ಕಡೆಯ ನೀರಿನ ಮಟ್ಟದ ಅಂತರವನ್ನು ಕ್ಲೀನರ್ ಹುಡುಗ ಓದಿ ಹೇಳಿದ. ಮೊದಲು 14 ಇಂಚು ಇದ್ದದ್ದು ಈಗ 15. ಸಾಮಾನ್ಯವಾಗಿ 25 ಇಂಚಿನ ಹತ್ತಿರ ಬಂದರೆ ಫಿಲ್ಟರ್ ಬದಲಿಸಬೇಕು ಅನ್ನುತ್ತಾರೆ. ಕ್ಲೀನರ್ ಬಾಯಲ್ಲಿ 58 ಇದ್ದದ್ದು 36ಕ್ಕೆ ಇಳಿದಿದೆ. ಒಂದು ಇಂಚಿನ ನಷ್ಟಕ್ಕೆ 22 ಡಿಗ್ರಿ ತಂಪು ಸಿಕ್ಕಿತು, ಲಾಭದ ವ್ಯಾಪಾರವೇ ಅಲ್ವಾ?

ಈಗ ಅದೇ ಏರಿನಲ್ಲಿ, ಅದೇ ಲೋಡಿನಲ್ಲಿ ಹೊಗೆ ತೆಳು ಬೂದಿ ಬಣ್ಣಕ್ಕೆ ಇಳಿದಿದೆ. ತಿರುವು ದಾಟಿ ಮತ್ತೆ ವೇಗ ಹಿಡಿಯುವುದು ಚುರುಕಾಗಿದೆ. ಮೈಲೇಜಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಮೈಲೇಜಿಗೋಸ್ಕರ ಯಾರೂ ಇದನ್ನು ಮಾಡಿಸಬೇಕಿಲ್ಲ.

2020ರ ಏಪ್ರಿಲ್ ನಂತರದ ಬಿಎಸ್ 6 (ಹೊಗೆ ಮಿತಿಯ ಹೊಸ ನಿಯಮದ) ಗಾಡಿ ಇರುವವರು ಇದಕ್ಕೆ ಕೈ ಹಾಕಬೇಡಿ. ಅವುಗಳಲ್ಲಿ ಗಾಳಿ ಅಳೆಯಲು ಸೆನ್ಸರ್ ಇರುತ್ತದೆ, ಪೈಪು ಬದಲಾದರೆ ಲೆಕ್ಕ ತಪ್ಪಬಹುದು, ವಾರಂಟಿಗೂ ತೊಂದರೆ. ಆ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಇಂಟರ್‌ಕೂಲರ್ ಇರುತ್ತದೆ. ಅದರ ರೆಕ್ಕೆಗಳ ಸಂದಿಯ ಕೆಸರು, ಅಡಿಕೆ ಸಿಪ್ಪೆಯ ನಾರನ್ನು ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರು ಪ್ರೆಷರ್ ಹೊಡೆದರೆ ರೆಕ್ಕೆ ಮಡಚಿಕೊಳ್ಳುತ್ತದೆ.