ಪೋಕರ್‌ನಲ್ಲಿ ನಿಮ್ಮ ಆಟ ಸುಧಾರಿಸಿದೆಯೇ? ಅಳೆದು ನೋಡುವ ಬಗೆ

ಕಲಬುರಗಿಯ ಎರೆ ಹೊಲದಲ್ಲಿ ತೊಗರಿ ಬೆಳೆಯುವವರ ಜಾಣ್ಮೆಯನ್ನು ಯಾರೂ ಒಂದೇ ವರ್ಷದ ರಾಶಿ ನೋಡಿ ತೀರ್ಮಾನಿಸುವುದಿಲ್ಲ. ಹೂ ಬಿಡುವ ಹೊತ್ತಿಗೆ ಮಳೆ ಹಿಡಿದರೆ ಒಳ್ಳೆಯ ರೈತನ ಫಸಲೂ ಕೈಕೊಡುತ್ತದೆ. ಪೋಕರ್ ಎಂಬ ಇಸ್ಪೀಟಾಟ ಆಡುವವನನ್ನೂ ಹಾಗೆಯೇ ಅಳೆಯಬೇಕು. ನಾವು ಕೆಲವು ಗೆಳೆಯರು ರವಿವಾರ ಸಂಜೆ ಹಣ ಕಟ್ಟದೆ, ಬರಿಯ ಚಿಪ್ಸ್ (ಆಟದ ಬಿಲ್ಲೆಗಳು) ಇಟ್ಟು ಆಡುತ್ತೇವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕಲಿಕೆಗೆ ಹಣ ಬೇಕಾಗಿಯೂ ಇಲ್ಲ.

ಮೊದಲು ಒಂದು ನೋಟ್‌ಬುಕ್ ಇಡಿ. ಎಷ್ಟು ಹ್ಯಾಂಡ್ (ಎಲೆ ಹಂಚಿ ಆಡಿದ ಒಂದೊಂದು ಸುತ್ತು) ಆಡಿದಿರಿ, ಎಷ್ಟು ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಒಬ್ಬರು ಹಾಕಲೇಬೇಕಾದ ನಿಗದಿತ ಚಿಪ್ಸ್; ಗಳಿಕೆ ಅಳೆಯುವುದು ಇದರಲ್ಲೇ) ಗಳಿಸಿದಿರಿ ಅಥವಾ ಕಳೆದುಕೊಂಡಿರಿ, ಎದುರಿಗೆ ಯಾರಿದ್ದರು ಎಂಬುದನ್ನು ಆ ದಿನವೇ ಬರೆಯಿರಿ. ಸೋತ ಸಂಜೆ ಬರೆಯಲು ಮನಸ್ಸಾಗುವುದಿಲ್ಲ. ಆದರೆ ಆ ಪುಟಗಳು ಬಿಟ್ಟುಹೋದರೆ ಉಳಿದ ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಅನಂತರ ತಾಳ್ಮೆ ಬೇಕು. ಮೇಜಿನ ಸುತ್ತ ಕೂತು ಆಡಿದರೆ ಗಂಟೆಗೆ 25ರಿಂದ 30 ಹ್ಯಾಂಡ್ ಆಗುತ್ತವೆ. ಮೂರು ಗಂಟೆಗೆ 80 ಎಂದುಕೊಂಡರೂ 10,000 ಹ್ಯಾಂಡ್ ತುಂಬಲು 125 ರವಿವಾರ, ಅಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟಾದರೂ ಉತ್ತರ ಸ್ಪಷ್ಟವಾಗದು. ಪ್ರತಿ 100 ಹ್ಯಾಂಡ್‌ಗೆ ಮಾನಕ ವಿಚಲನೆ (ಫಲಿತಾಂಶ ಸರಾಸರಿಯಿಂದ ಎಷ್ಟು ಏರುಪೇರಾಗುತ್ತದೆ ಎಂಬ ಅಳತೆ) 80 ಬಿಗ್ ಬ್ಲೈಂಡ್ ಎಂದು ಹಿಡಿದರೆ, 10,000 ಹ್ಯಾಂಡ್ ಆಡಿದ ಮೇಲೆ 100 ಹ್ಯಾಂಡ್‌ಗೆ ಬರುವ ಸರಾಸರಿ 8 ಬಿಗ್ ಬ್ಲೈಂಡ್‌ನಷ್ಟು ಅತ್ತಿತ್ತ ಸರಿಯುವುದು ಸಹಜ. ಆದ್ದರಿಂದ 100ಕ್ಕೆ 5 ಗಳಿಸುವ ಸಾಮರ್ಥ್ಯವುಳ್ಳವನು 3 ಸೋತವನಂತೆಯೂ 13 ಗೆದ್ದವನಂತೆಯೂ ಕಾಣಬಹುದು. ಲಕ್ಷ ಹ್ಯಾಂಡ್ ಆದ ಮೇಲೆ ಆ 8 ಸುಮಾರು 2.5ಕ್ಕೆ ಇಳಿಯುತ್ತದೆ.

ಅಷ್ಟು ವರ್ಷ ಕಾಯಲಾಗದ ನಮ್ಮಂಥವರು ಗೆಲುವಿಗಿಂತ ತೀರ್ಮಾನಗಳನ್ನೇ ಪರೀಕ್ಷಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರತಿ ಸಂಜೆ ಕಾಡಿದ ಮೂರು ಹ್ಯಾಂಡ್ ಆರಿಸಿಕೊಳ್ಳಿ. ಪಾಟ್‌ನಲ್ಲಿ (ಗೆದ್ದವನಿಗೆ ಸೇರುವ ಚಿಪ್ಸ್ ರಾಶಿಯಲ್ಲಿ) 100 ಚಿಪ್ಸ್ ಇದ್ದಾಗ ಎದುರಾಳಿ 50 ಹಾಕಿದನೆನ್ನಿ. ನೀವೂ 50 ಹಾಕಿದರೆ ಪಾಟ್ 200 ಆಗುತ್ತದೆ. ಹಾಗಾಗಿ ನಾಲ್ಕು ಸಲಕ್ಕೆ ಒಮ್ಮೆಯಾದರೂ (ಶೇ 25) ಗೆಲ್ಲುವಂತಿದ್ದರೆ ಮಾತ್ರ ಕಾಲ್ ಮಾಡುವುದು, ಅಂದರೆ ಅವನಷ್ಟೇ ಹಾಕುವುದು, ಸರಿ. ಒಂದೇ ಜಾತಿಯ ಐದು ಎಲೆ ಕೂಡಿದರೆ ಅದು ಬಲವಾದ ಕೈ. ಆಟಿನ್‌ನ ನಾಲ್ಕು ಎಲೆ ಕೂಡಿ, ಐದನೆಯದಕ್ಕೆ ಕಾಯುವಾಗ ಮೇಜಿನ ಮೇಲೆ ತೆರೆಯಲು ಒಂದೇ ಎಲೆ ಉಳಿದಿದ್ದರೆ, ಕೈಯ ಎರಡು, ಮೇಜಿನ ನಾಲ್ಕು ಬಿಟ್ಟು ನಿಮಗೆ ಕಾಣದ 46 ಎಲೆಗಳಲ್ಲಿ ಒದಗುವವು 9, ಅಂದರೆ ಶೇ 20ಕ್ಕೂ ತುಸು ಕಡಿಮೆ. ಆಟಿನ್ ಬಿದ್ದ ಮೇಲೆ ಎದುರಾಳಿಯಿಂದ ಇನ್ನಷ್ಟು ಚಿಪ್ಸ್ ಬರುವ ಭರವಸೆ ಇಲ್ಲದಿದ್ದರೆ ಫೋಲ್ಡ್ ಮಾಡಬೇಕು, ಅಂದರೆ ಎಲೆ ಬಿಟ್ಟು ಹಿಂದೆ ಸರಿಯಬೇಕು. ಆಟಿನ್ ಬಿದ್ದು ಪಾಟ್ ನಿಮ್ಮದಾದರೂ ಆ ಕಾಲ್ ತಪ್ಪೇ. ನೋಟ್‌ಬುಕ್‌ನಲ್ಲಿ ತಪ್ಪೆಂದೇ ಬರೆಯಿರಿ.

ಇದಕ್ಕೆ ವಿರುದ್ಧವಾಗಿ, ಎಕ್ಕದ ಜೋಡಿ ಹಿಡಿದು ರಾಜನ ಜೋಡಿಯ ಎದುರು, ಮೇಜಿನ ಎಲೆ ತೆರೆಯುವ ಮೊದಲೇ ಆಲ್-ಇನ್ ಆದವನು (ತನ್ನ ಚಿಪ್ಸ್ ಎಲ್ಲವನ್ನೂ ಹಾಕಿದವನು) ಸುಮಾರು ಶೇ 82ರಷ್ಟು ಸಲ ಗೆಲ್ಲುತ್ತಾನೆ. ಐದಾರು ಸಲಕ್ಕೊಮ್ಮೆ ಬರುವ ಸೋಲನ್ನು ತಪ್ಪುಗಳ ಪಟ್ಟಿಗೆ ಸೇರಿಸಬಾರದು.

ಆರು ತಿಂಗಳಿಗೊಮ್ಮೆ ಹಳೆಯ ಪುಟ ತೆರೆದು, ಫಲಿತಾಂಶದ ಸಾಲನ್ನು ಮುಚ್ಚಿಟ್ಟು, ಅದೇ ಹ್ಯಾಂಡ್‌ಗಳನ್ನು ಮತ್ತೆ ತೀರ್ಮಾನಿಸಿ. ಸಾಧ್ಯವಾದರೆ ನಿಮಗಿಂತ ಬಲ್ಲವರ ಮುಂದೆಯೂ ಹಾಗೆಯೇ ಮುಚ್ಚಿಟ್ಟು ತೋರಿಸಿ, ಅವರ ಉತ್ತರವನ್ನು ಪಕ್ಕದಲ್ಲಿ ಬರೆದುಕೊಳ್ಳಿ.