ಸ್ವಿಚ್‌ಗಳಿಗೆ ಯಜಮಾನ ಯಾರು ಅಂತ ನೀವೇ ಹೇಳಿ

ಸುಗ್ಗಿ ಟೈಮಲ್ಲಿ ಗಂಗಾವತಿಯ ಒಂದು ರೈಸ್ ಮಿಲ್ಲಿನಿಂದ ಫೋನು ಬಂತು. ಲಾರಿಗಳು ಸಾಲುಗಟ್ಟಿವೆ, ವೇಬ್ರಿಡ್ಜ್ ತೂಕ ಆಫೀಸಿನ ಕಂಪ್ಯೂಟರಿಗೆ ಬರುತ್ತಿಲ್ಲ. ಹೋಗಿ ನೋಡಿದರೆ ಕಂಪ್ಯೂಟರ್ ಕೇಬಲ್‌ಗಳನ್ನು ಒಂದಕ್ಕೊಂದು ಜೋಡಿಸುವ ಡಬ್ಬಿಯಾದ ಸ್ವಿಚ್‌ನ ದೀಪಗಳೆಲ್ಲ ಒಂದೇ ಸಮನೆ ಪಟಪಟ ಮಿನುಗುತ್ತಿದ್ದವು. ಒಂದು ಕೇಬಲ್ ಹೋದರೆ ಇನ್ನೊಂದಿರಲಿ ಅಂತ ಗೋದಾಮಿಗೆ ಎರಡನೇ ದಾರಿ ಎಳೆದಿದ್ದರು. ಇಂಥ ಎರಡು ದಾರಿ ಸೇರಿ ಸುತ್ತಾಗದಂತೆ ತಡೆಯಲು ಸ್ವಿಚ್‌ನಲ್ಲೇ ಇರುವ ಸ್ಪ್ಯಾನಿಂಗ್ ಟ್ರೀ ಅನ್ನುವ ವ್ಯವಸ್ಥೆ ಮಾತ್ರ ಆಫ್ ಆಗಿತ್ತು. ಕೇಬಲಿನಲ್ಲಿ ಓಡುವ ಡೇಟಾ ತುಣುಕಿಗೆ, ಅಂದರೆ ಈಥರ್ನೆಟ್ ಫ್ರೇಮಿಗೆ, ಇಷ್ಟೇ ಆಯುಸ್ಸು ಅಂತ ಇಲ್ಲ. ಸುತ್ತು ಸಿಕ್ಕರೆ ಸುತ್ತುತ್ತಲೇ ಇರುತ್ತದೆ.

ಎರಡನೇ ಕೇಬಲ್ ಎಳೆದದ್ದು ತಪ್ಪಲ್ಲ. ಅದನ್ನು ಸಂಭಾಳಿಸುವ ಸ್ಪ್ಯಾನಿಂಗ್ ಟ್ರೀ ಉಪಾಯವನ್ನು ಕಂಪ್ಯೂಟರ್ ವಿಜ್ಞಾನಿ ರಾಡಿಯಾ ಪರ್ಲ್‌ಮನ್ 1985ರಲ್ಲೇ ಕಂಡುಹಿಡಿದಿದ್ದಾರೆ.

ಮೊದಲ ಕೆಲಸ, ಎಲ್ಲ ಸ್ವಿಚ್‌ಗಳಲ್ಲಿ ಸ್ಪ್ಯಾನಿಂಗ್ ಟ್ರೀ ಆನ್ ಮಾಡಿ. ಆಗ ಅವು 2 ಸೆಕೆಂಡಿಗೊಮ್ಮೆ ಸಣ್ಣ ಸಂದೇಶ ಕಳಿಸುತ್ತಾ ಯಜಮಾನನನ್ನು, ಅಂದರೆ ರೂಟ್ ಬ್ರಿಡ್ಜ್ ಅನ್ನು ಆರಿಸುತ್ತವೆ. ಪ್ರತಿ ಸ್ವಿಚ್ಚಿಗೂ ಪ್ರಯಾರಿಟಿ ಅಂತ ಒಂದು ಸಂಖ್ಯೆ ಇರುತ್ತದೆ, ಅದು ಕಡಿಮೆ ಇದ್ದವನೇ ಯಜಮಾನ. ನೀವು ಮುಟ್ಟದಿದ್ದರೆ ಎಲ್ಲದರಲ್ಲೂ 32768 ಇರುತ್ತದೆ. ಆಗ ಮ್ಯಾಕ್ ವಿಳಾಸ (ತಯಾರಿಸಿದ ಕಂಪನಿಯೇ ಹಾಕಿದ ಗುರುತಿನ ಸಂಖ್ಯೆ) ಚಿಕ್ಕದಿರುವ ಸ್ವಿಚ್ ಗೆಲ್ಲುತ್ತದೆ. ಎಷ್ಟೋ ಸಲ ಅದು ಮೂಲೆಯಲ್ಲಿ ಧೂಳು ಹಿಡಿದ ಹಳೇ ಡಬ್ಬಿಯೇ ಆಗಿರುತ್ತದೆ! ಹಾಗಾಗಿ ಅದೃಷ್ಟಕ್ಕೆ ಬಿಡಬೇಡಿ. ಆಫೀಸಿನ ಒಳ್ಳೆಯ ಸ್ವಿಚ್‌ಗೆ 4096 ಕೊಡಿ, ಅದರ ನಂತರದ್ದಕ್ಕೆ 8192.

ಇನ್ನು ದಾರಿಯ ಲೆಕ್ಕ. ಪ್ರತಿ ಸ್ವಿಚ್ಚೂ ಯಜಮಾನನ ಹತ್ತಿರ ಹೋಗಲು ಕಡಿಮೆ ಖರ್ಚಿನ ದಾರಿ ಹುಡುಕುತ್ತದೆ. ಖರ್ಚು ಅಂದರೆ ದುಡ್ಡಲ್ಲ, ಕೇಬಲಿನ ವೇಗ ಹೆಚ್ಚಿದಷ್ಟೂ ಕಡಿಮೆಯಾಗುವ ಒಂದು ಅಂಕ. 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಕೇಬಲ್‌ಗೆ ಖರ್ಚು 19, ಅದರ ಹತ್ತು ಪಟ್ಟು ವೇಗದ ಗಿಗಾಬಿಟ್‌ಗೆ 4. ನಮ್ಮ ಮಿಲ್ಲಿನಲ್ಲಿ ಗೋದಾಮಿನಿಂದ ಆಫೀಸಿಗೆ ನೇರ ಬರುವ ಕೇಬಲ್ 100ರದ್ದು, 19 ಆಯಿತು. ವೇಬ್ರಿಡ್ಜ್ ಮೇಲೆ ಬಂದರೆ ಎರಡು ಗಿಗಾಬಿಟ್ ಕೊಂಡಿ, 4ಕ್ಕೆ 4 ಕೂಡಿ 8. ಸುತ್ತು ಬಳಸಿದರೂ ಅದೇ ಅಗ್ಗ, ಅಲ್ವಾ? ಗೋದಾಮಿನ ಸ್ವಿಚ್ ಅದನ್ನೇ ಹಿಡಿದು, ನೇರ ಕೇಬಲಿನ ಪೋರ್ಟನ್ನು, ಅಂದರೆ ಅದನ್ನು ಚುಚ್ಚಿದ ಕಿಂಡಿಯನ್ನು, ತಡೆಯುತ್ತದೆ. ಕಾಲುವೆ ಅಲ್ಲೇ ಇದೆ, ಗೇಟು ಇಳಿಸಿದೆ ಅಷ್ಟೇ.

ವೇಬ್ರಿಡ್ಜ್ ಕೇಬಲ್ ತುಂಡಾದರೆ ಆ ಗೇಟು ತಾನೇ ಏಳುತ್ತದೆ. ಹಳೇ ಪದ್ಧತಿಯಲ್ಲಿ ಇದಕ್ಕೆ 30ರಿಂದ 50 ಸೆಕೆಂಡು ಬೇಕು. 2001ರಲ್ಲಿ ಬಂದ ರ‍್ಯಾಪಿಡ್ ಪದ್ಧತಿಯಲ್ಲಿ ಕೆಲವೇ ಸೆಕೆಂಡು. ನಿಮ್ಮ ಸ್ವಿಚ್‌ನಲ್ಲಿ ಅದಿದ್ದರೆ ಅದನ್ನೇ ಹಾಕಿ.

ಸಿಸ್ಕೊ ಸ್ವಿಚ್ ಆದರೆ ‘ಶೋ ಸ್ಪ್ಯಾನಿಂಗ್-ಟ್ರೀ’ ಅಂತ ಕೊಟ್ಟು ಯಜಮಾನ ಯಾರು, ಯಾವ ಪೋರ್ಟ್ ತಡೆದಿದೆ ನೋಡಿ, ಬರೆದಿಟ್ಟುಕೊಳ್ಳಿ. ಆಮೇಲೆ ಲಾರಿಗಳಿಲ್ಲದ ಹೊತ್ತಲ್ಲಿ, ಗೋದಾಮಿನ ಕಂಪ್ಯೂಟರಿನಿಂದ ಆಫೀಸಿಗೆ ಪಿಂಗ್ (ಇದ್ದೀಯಾ ಅಂತ ಮತ್ತೆ ಮತ್ತೆ ಕೇಳಿ ಉತ್ತರ ಪಡೆಯುವ ಆಜ್ಞೆ) ಓಡುತ್ತಿರುವಾಗಲೇ ವೇಬ್ರಿಡ್ಜ್ ಕೇಬಲ್ ಕಿತ್ತು ನೋಡಿ. ಎಷ್ಟು ಉತ್ತರ ತಪ್ಪಿದವು ಎಣಿಸಿ.